ಹಿಮ್ಮಡಿ ನೋವು, ಗಿಡ್ಡ ಕಾಲು: ಪದರದ ಹೀಲ್ ಲಿಫ್ಟ್ ಯಾವ ಕಾಲಿಗೆ, ಎಷ್ಟು ದಪ್ಪ, ಯಾವ ಕ್ರಮದಲ್ಲಿ

ಧಾರವಾಡದಿಂದ ಬಂದ ಒಬ್ಬ ಶಾಲಾ ಶಿಕ್ಷಕಿ ಚೀಲ ಬಿಚ್ಚಿ ನನ್ನ ಮೇಜಿನ ಮೇಲೆ ನಾಲ್ಕು ಜೊತೆ ಹೀಲ್ ಪ್ಯಾಡ್ ಸುರಿದರು. ಒಂದು ನೀಲಿ ಜೆಲ್ಲು, ಒಂದು ರಬ್ಬರು, ಎರಡು ಪದರ ಪದರವಾಗಿ ಬಿಚ್ಚುವಂಥವು. "ಎಲ್ಲಾ ಹಾಕ್ಕೊಂಡು ನೋಡೇನ್ರಿ ಮೇಡಂ. ಹಿಮ್ಮಡದ ನೋವು ಹೋಗ್ಲಿಲ್ಲ, ಈಗ ಸೊಂಟಾನೂ ಹಿಡಕೊಂಡೈತಿ" ಅಂದರು. ಪ್ಯಾಡುಗಳಲ್ಲಿ ದೋಷವಿರಲಿಲ್ಲ. ನೋವಿದ್ದದ್ದು ಬಲಗಾಲಿಗೆ, ಹಾಗಾಗಿ ನಾಲ್ಕನ್ನೂ ಅವರು ಬಲಗಾಲಿನ ಬೂಟಿನಲ್ಲಿ ಮಾತ್ರ ಹಾಕಿಕೊಂಡಿದ್ದರು. ಸಮ ಇದ್ದ ಕಾಲುಗಳಲ್ಲಿ ಒಂದನ್ನು ಸುಮಾರು 8 ಮಿ.ಮೀ. ಉದ್ದ ಮಾಡಿಕೊಂಡು ಎರಡು ತಿಂಗಳು ಪಾಠ ಮಾಡಿದ್ದರು.

ನನ್ನ ಬಳಿ ಬರುವವರಲ್ಲಿ ಅತಿ ಹೆಚ್ಚು ಜನ ಎಡವುವುದು ಇದೇ ಜಾಗದಲ್ಲಿ. ಹಿಮ್ಮಡಿ ನೋವಿಗೆ ಹಾಕುವ ಪ್ಯಾಡು ಎರಡೂ ಬೂಟಿಗೆ ಬೇಕು. ಕಾಲು ಗಿಡ್ಡವಿದ್ದರೆ ಹಾಕುವ ಲಿಫ್ಟು, ಅಂದರೆ ಹಿಮ್ಮಡಿಯನ್ನು ಎತ್ತರಿಸುವ ಬೆಣೆ, ಗಿಡ್ಡ ಕಾಲಿನ ಬೂಟಿಗೆ ಮಾತ್ರ. ಅಂಗಡಿಯಲ್ಲಿ ಎರಡೂ ಒಂದೇ ಕಪಾಟಿನಲ್ಲಿ ತೂಗುತ್ತವೆ, ನೋಡಲೂ ಒಂದೇ ಥರ, ಆದರೆ ಮಾಡುವ ಕೆಲಸ ಬೇರೆ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಮೊದಲು ಪ್ಯಾಡು ಕೊಂಡು ಆಮೇಲೆ ಕಾಲು ಅಳೆಯುವವರಿಗೆ ಖರ್ಚೂ ಎರಡು ಪಟ್ಟು, ನೋವೂ ಎರಡು ಪಟ್ಟು.

ಹಂತ 1: ನಿಮ್ಮ ತೊಂದರೆ ಯಾವುದು ಎಂದು ಗುರುತಿಸಿ

ಮುಂಜಾನೆ ಹಾಸಿಗೆಯಿಂದ ಇಳಿದು ಕಾಲು ನೆಲಕ್ಕೆ ಊರಿದ ಕೂಡಲೇ ಹಿಮ್ಮಡಿಯ ತಳದಲ್ಲಿ, ಸ್ವಲ್ಪ ಒಳಬದಿಗೆ, ಮೊಳೆ ಚುಚ್ಚಿದಂತೆ ಆಗುತ್ತದೆಯೇ? ಹತ್ತಿಪ್ಪತ್ತು ಹೆಜ್ಜೆ ಹಾಕಿದ ಮೇಲೆ ಕಡಿಮೆಯಾಗಿ, ಬಹಳ ಹೊತ್ತು ಕೂತು ಎದ್ದಾಗ ಮತ್ತೆ ಬರುತ್ತದೆಯೇ? ಹಾಗಿದ್ದರೆ ಅದು ಬಹುತೇಕ ಅಂಗಾಲಿನ ಅಡಿಯ ದಪ್ಪ ಪಟ್ಟಿ ಹಿಮ್ಮಡಿಯ ಎಲುಬಿಗೆ ಅಂಟಿಕೊಳ್ಳುವ ಜಾಗದ ನೋವು. ಡಾಕ್ಟರು ಇದನ್ನು ಪ್ಲಾಂಟರ್ ಫೇಶಿಯೈಟಿಸ್ ಅನ್ನುತ್ತಾರೆ.

ನೋವು ತಳದಲ್ಲಿ ಅಲ್ಲ, ಹಿಮ್ಮಡಿಯ ಹಿಂದೆ, ಬೂಟಿನ ಅಂಚು ತಾಗುವ ಕಡೆ ಇದ್ದರೆ ಅದು ಅಕಿಲೀಸ್ ಸ್ನಾಯುರಜ್ಜಿನದು. ಮೀನಖಂಡದಿಂದ ಕೆಳಗಿಳಿದು ಹಿಮ್ಮಡಿಗೆ ಸೇರುವ ಹಗ್ಗದಂಥ ಭಾಗ ಅದು. ಹಿಮ್ಮಡಿಯನ್ನು ತುಸು ಎತ್ತರಿಸಿದರೆ ಆ ಹಗ್ಗದ ಮೇಲಿನ ಎಳೆತ ಕಡಿಮೆಯಾಗುತ್ತದೆ. ಆದ್ದರಿಂದ ಲಿಫ್ಟು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ, ಆದರೆ ಇಲ್ಲೂ ಎರಡೂ ಬೂಟಿಗೆ ಸಮ ದಪ್ಪ.

ಎಕ್ಸ್‌ರೇ ನೋಡಿ "ಎಲುಬು ಬೆಳದೈತಿ" ಎಂದು ಹೆದರಿ ಬರುವವರು ಬಹಳ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಮುಳ್ಳಿನಂತೆ ಬೆಳೆದ ಆ ಎಲುಬು ಇರುತ್ತದೆ. ಅದಕ್ಕಾಗಿ ಪ್ಯಾಡಿನ ನಡುವೆ ಬ್ಲೇಡಿನಿಂದ ತೂತು ಕೊರೆದುಕೊಳ್ಳಬೇಡಿ. ತೂತಿನ ಅಂಚು ಒತ್ತಿ ಹೊಸ ನೋವು ಶುರುವಾದದ್ದನ್ನು ನಾನು ಹಲವು ಸಲ ನೋಡಿದ್ದೇನೆ.

ಕಾಲು ಉದ್ದಗಿಡ್ಡ ಇರುವುದರ ಸುಳಿವನ್ನು ಎಷ್ಟೋ ಸಲ ಮೊದಲು ಕೊಡುವುದು ದರ್ಜಿ: "ಒಂದು ಕಡೆ ಪ್ಯಾಂಟ್ ಅರ್ಧ ಇಂಚು ಮಡಚಬೇಕಾಗ್ತದ್ರೀ." ಸೀರೆಯ ನೆರಿಗೆ ಯಾವಾಗಲೂ ಒಂದೇ ಬದಿಗೆ ನೆಲ ಗುಡಿಸುವುದು, ನಿಂತಾಗ ಯಾವಾಗಲೂ ಒಂದೇ ಮೊಣಕಾಲು ಮಡಚಿಕೊಂಡಿರುವುದು, ಒಂದು ಬೂಟಿನ ಹಿಮ್ಮಡಿ ಬೇಗ ಸವೆಯುವುದು, ಒಂದು ಬದಿಯ ಸೊಂಟ ಸಂಜೆಗೆ ಹಿಡಿದುಕೊಳ್ಳುವುದು ಇವೂ ಸುಳಿವುಗಳೇ. ಸುಳಿವು ಮಾತ್ರ, ತೀರ್ಪಲ್ಲ.

ಎರಡೂ ಕಾಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮ ಇರುವವರು ಕಡಿಮೆ. 5 ಮಿ.ಮೀ.ವರೆಗಿನ ವ್ಯತ್ಯಾಸ ಸಾಮಾನ್ಯ. ಬಾಲ್ಯದಿಂದ 1 ಸೆಂ.ಮೀ. ವ್ಯತ್ಯಾಸ ಇಟ್ಟುಕೊಂಡೇ ಆರಾಮವಾಗಿ ಹೊಲದ ಕೆಲಸ ಮಾಡಿಕೊಂಡಿರುವವರು ಹಾವೇರಿ, ಗದಗ ಕಡೆಯಿಂದ ಬೇರೆ ತೊಂದರೆಗೆಂದು ಬರುತ್ತಾರೆ. ಅವರಿಗೆ ನಾನು ಲಿಫ್ಟು ಹಾಕುವುದಿಲ್ಲ. ನೋವೂ ಇಲ್ಲ, ಕುಂಟೂ ಇಲ್ಲ ಎಂದರೆ ಅಳತೆಯ ಸಂಖ್ಯೆ ನೋಡಿ ಲಿಫ್ಟು ಹಾಕಬಾರದು.

ಹಂತ 2: ಯಾರು ತಾವಾಗಿಯೇ ಶುರು ಮಾಡಬಾರದು

ಈ ಭಾಗವನ್ನು ದಾಟಿ ಮುಂದೆ ಹೋಗಬೇಡಿ.

ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದಿರುವವರು ಮೊದಲು ಡಾಕ್ಟರಿಗೆ ಪಾದ ತೋರಿಸಬೇಕು. ಹಿಮ್ಮಡಿ ಎತ್ತರಿಸಿದಾಗ ದೇಹದ ಭಾರ ಪಾದದ ಮುಂಭಾಗಕ್ಕೆ ಜಾರುತ್ತದೆ. ಸ್ಪರ್ಶ ಗೊತ್ತಾಗದ ಪಾದದಲ್ಲಿ ಅಲ್ಲಿ ಗುಳ್ಳೆ ಎದ್ದು ಹುಣ್ಣಾದರೂ ತಿಳಿಯುವುದಿಲ್ಲ. ಅಂಥವರಿಗೆ ಎಂ.ಸಿ.ಆರ್. ಎಂದು ಕರೆಯುವ ಮೆತ್ತನೆಯ ರಬ್ಬರಿನ ಹಾಸು ಇರುವ ಪಾದರಕ್ಷೆಯನ್ನು ಡಾಕ್ಟರೇ ಬರೆದುಕೊಡುತ್ತಾರೆ.

ಬೆಳೆಯುವ ಮಕ್ಕಳ ಕಾಲಿನ ವ್ಯತ್ಯಾಸ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅದನ್ನು ಎಲುಬು ತಜ್ಞರು ಅಳೆಯುತ್ತ ಹೋಗಬೇಕು. ಚಪ್ಪೆ (ತೊಡೆ ಸೊಂಟಕ್ಕೆ ಸೇರುವ ಕಡೆ) ಅಥವಾ ಮೊಣಕಾಲಿನ ಕೀಲು ಬದಲಿಸಿಕೊಂಡವರಿಗೆ ಮೊದಲ ಕೆಲವು ತಿಂಗಳು ಆಪರೇಷನ್ ಆದ ಕಾಲು ಉದ್ದವಾದಂತೆ ಅನಿಸುವುದುಂಟು. ಬಿಗಿದ ಸ್ನಾಯು ಸಡಿಲಾದಂತೆ ಅದು ಎಷ್ಟೋ ಜನರಿಗೆ ತಾನಾಗಿ ಹೋಗುತ್ತದೆ. ಸರ್ಜನ್ ಹೇಳದೆ ಅವರು ಲಿಫ್ಟು ಹಾಕಬಾರದು.

ಹಿಮ್ಮಡಿಯ ಎರಡೂ ಪಕ್ಕವನ್ನು ಅಂಗೈಗಳ ನಡುವೆ ಹಿಡಿದು ಒತ್ತಿ ನೋಡಿ. ತಳದಲ್ಲಿ ಒತ್ತಿದ್ದಕ್ಕಿಂತ ಪಕ್ಕದಲ್ಲಿ ಒತ್ತಿದಾಗಲೇ ಜೋರಾಗಿ ನೋಯುತ್ತಿದ್ದರೆ ಎಲುಬಿನಲ್ಲಿ ಸಣ್ಣ ಬಿರುಕು ಇರಬಹುದು. ಮಲಗಿದಾಗಲೂ ಬಿಡದ ನೋವು, ಬಾವು, ಜ್ವರ, ಮೇಲಿಂದ ಬಿದ್ದ ನಂತರ ಬಂದ ನೋವು, ಮೀನಖಂಡದಲ್ಲಿ "ಟಪ್" ಎಂದ ಮೇಲೆ ತುದಿಗಾಲಲ್ಲಿ ನಿಲ್ಲಲು ಆಗದಿರುವುದು, ಸೊಂಟದಿಂದ ಪಾದದವರೆಗೆ ಹರಿಯುವ ಜೋಮು ಇವ್ಯಾವುಗಳಿಗೂ ಪ್ಯಾಡು ಮದ್ದಲ್ಲ. ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ (ಈಗಿನ ಹೆಸರು ಕೆ.ಎಂ.ಸಿ.ಆರ್.ಐ.), ಧಾರವಾಡದ ಜಿಲ್ಲಾ ಆಸ್ಪತ್ರೆ, ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿ ಎಲುಬಿನ ವಿಭಾಗದಲ್ಲಿ ತೋರಿಸಿ.

ಹಂತ 3: ಸಾಮಾನು ಜೋಡಿಸಿಕೊಳ್ಳಿ

ದರ್ಜಿಯ ಟೇಪು, ಬಾಲ್‌ಪೆನ್ನು, ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ4 ಹಾಳೆ 150, ಎರಡೂ ಬದಿ ಅಂಟುವ ಟೇಪು, ಕತ್ತರಿ, ಒಂದು ಚಿಕ್ಕ ನೋಟ್‌ಬುಕ್ಕು. ಜೊತೆಗೆ ಒಬ್ಬ ಮನುಷ್ಯ. ಒಬ್ಬರೇ ನಿಮ್ಮ ಕಾಲನ್ನು ಅಳೆದುಕೊಳ್ಳಲು ಆಗುವುದಿಲ್ಲ. ಬಗ್ಗಿದ ಕೂಡಲೇ ಸೊಂಟ ವಾಲಿ ಅಳತೆ ಕೆಡುತ್ತದೆ.

ಹಂತ 4: ವ್ಯತ್ಯಾಸ ಅಳೆಯಿರಿ

ಹಿಮ್ಮಡಿ ನೋವು ಮಾತ್ರ ಇದ್ದು ಕಾಲು ಗಿಡ್ಡದ ಸುಳಿವು ಯಾವುದೂ ಇಲ್ಲದವರು ನೇರ ಹಂತ 5ಕ್ಕೆ ಹೋಗಬಹುದು.

ಗಟ್ಟಿ ಹಾಸಿಗೆ ಅಥವಾ ಚಾಪೆಯ ಮೇಲೆ ಅಂಗಾತ ಮಲಗಿ. ಎರಡೂ ಕಾಲು ಒಂದಕ್ಕೊಂದು ಸಮಾಂತರ, ನಡುವೆ ಒಂದು ಗೇಣು. ಸೊಂಟದ ಮುಂಭಾಗದಲ್ಲಿ ಎರಡೂ ಬದಿ ಬೆರಳಿಗೆ ಮೊನಚಾಗಿ ಸಿಗುವ ಎಲುಬು ಇದೆ. ಟೇಪಿನ ತುದಿಯನ್ನು ಅದರ ಕೆಳ ಅಂಚಿಗೆ ಕೆಳಗಿನಿಂದ ಮೇಲಕ್ಕೆ ಒತ್ತಿ ಹಿಡಿಯಬೇಕು. ಅಲ್ಲಿಂದ ಪಾದದ ಗಿಣ್ಣಿನ ಒಳಬದಿಯ ಉಬ್ಬು ಎಲುಬಿನ ತುದಿಯವರೆಗೆ ಅಳೆಯಿರಿ. ಪ್ರತಿ ಕಾಲನ್ನೂ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಮೂರರಲ್ಲಿ ಒಂದು ಬಹಳ ಬೇರೆ ಬಂದರೆ ಬೆರಳು ಜಾರಿದೆ ಎಂದರ್ಥ, ಮೊದಲಿನಿಂದ ಮಾಡಿ. ಪಳಗಿದ ಕೈಗೂ ಟೇಪಿನ ಅಳತೆಯಲ್ಲಿ ಅರ್ಧ ಸೆಂ.ಮೀ. ಆಚೀಚೆ ಆಗುವುದುಂಟು. ಆದ್ದರಿಂದ ಇದನ್ನೊಂದನ್ನೇ ನಂಬಬೇಡಿ.

ನಾನು ಹೆಚ್ಚು ನಂಬುವುದು ಹಾಳೆಯ ಪರೀಕ್ಷೆ. ಸಾಮಾನ್ಯ 80 ಜಿ.ಎಸ್.ಎಂ. ಝೆರಾಕ್ಸ್ ಹಾಳೆ 10 ಸೇರಿದರೆ ಸುಮಾರು 1 ಮಿ.ಮೀ. ಆಗುತ್ತದೆ. 30 ಹಾಳೆಯ ಐದು ಕಟ್ಟು ಮಾಡಿಕೊಳ್ಳಿ. ಒಂದೊಂದು ಕಟ್ಟು ಸುಮಾರು 3 ಮಿ.ಮೀ. ಬರಿಗಾಲಲ್ಲಿ ಸಮತಟ್ಟಾದ ನೆಲದ ಮೇಲೆ ನಿಲ್ಲಿ. ಹಳೆ ಮನೆಯ ಶಾಬಾದ ಕಲ್ಲಿನ ನೆಲ ಎಷ್ಟೋ ಕಡೆ ಏರುತಗ್ಗು ಇರುತ್ತದೆ, ನೋಡಿಕೊಳ್ಳಿ. ಪಾದಗಳ ನಡುವೆ ಸೊಂಟದಗಲ ಅಂತರ, ಮೊಣಕಾಲು ನೆಟ್ಟಗೆ, ಭಾರ ಎರಡೂ ಕಾಲಿನ ಮೇಲೆ ಸಮ.

ಜೊತೆಗಾರರು ನಿಮ್ಮ ಬೆನ್ನ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಣ್ಣನ್ನು ಸೊಂಟದ ಮಟ್ಟಕ್ಕೆ ತರಬೇಕು. ಎರಡೂ ಅಂಗೈಯನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು, ಪಕ್ಕದ ಮಾಂಸವನ್ನು ಒತ್ತುತ್ತ ಸೊಂಟದೆಲುಬಿನ ಮೇಲಂಚಿನ ಮೇಲೆ ಕೂರಿಸಬೇಕು. ಒಂದು ಕೈ ಕೆಳಗಿದ್ದರೆ ಆ ಬದಿಯ ಪಾದದ ಅಡಿ ಒಂದು ಕಟ್ಟು ಇಡಿ. ಹಿಮ್ಮಡಿಯ ಕೆಳಗೆ ಮಾತ್ರವಲ್ಲ, ಇಡೀ ಪಾದ ಹಾಳೆಯ ಮೇಲೆ ಬರಬೇಕು. ಮತ್ತೆ ಕೈ ಇಟ್ಟು ನೋಡಿ. ಎರಡೂ ಕೈ ಸಮ ಆಗುವವರೆಗೆ ಕಟ್ಟು ಸೇರಿಸುತ್ತ ಹೋಗಿ. ಆಮೇಲೆ ಇನ್ನೊಂದು ಕಟ್ಟು ಬೇಕೆಂದೇ ಹೆಚ್ಚಿಗೆ ಇಡಿ. "ಈಗ ವಾಲಿದಂಗ ಆತು" ಎಂದು ನಿಂತವರು ತಾವಾಗಿ ಹೇಳಬೇಕು. ಹೇಳಿದರೆ ಅದರ ಹಿಂದಿನ ಕಟ್ಟಿನವರೆಗಿನ ದಪ್ಪವೇ ನಿಮ್ಮ ವ್ಯತ್ಯಾಸ. ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಬರೆದಿಡಿ.

ಒಂದು ವಾರ ಬಿಟ್ಟು ಬೇರೆ ಹೊತ್ತಿನಲ್ಲಿ ಮತ್ತೆ ಮಾಡಿ. ಮೊದಲು ಎಡಗಾಲು ಗಿಡ್ಡ ಬಂದು ಈಗ ಬಲಗಾಲು ಬಂದರೆ, ಅಥವಾ ಮಲಗಿ ಅಳೆದಾಗ ಸಮ ಇದ್ದು ನಿಂತಾಗ ಮಾತ್ರ ವ್ಯತ್ಯಾಸ ಕಂಡರೆ, ನಿಮ್ಮ ಎಲುಬು ಗಿಡ್ಡ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಒಂದು ಪಾದ ಚಪ್ಪಟೆಯಾಗಿ ಒಳಗೆ ವಾಲಿದ್ದರೆ, ಒಂದು ಬದಿಯ ಸೊಂಟದ ಸ್ನಾಯು ಬಿಗಿದಿದ್ದರೆ ಹೀಗಾಗುತ್ತದೆ. ಅದಕ್ಕೆ ಲಿಫ್ಟಲ್ಲ, ವ್ಯಾಯಾಮ ಅಥವಾ ಪಾದದ ಕಮಾನಿಗೆ ಆಧಾರ ಬೇಕು. ಲಿಫ್ಟು ಹಾಕಿದರೆ ತಾತ್ಕಾಲಿಕ ವಾಲಿಕೆಯನ್ನೇ ಕಾಯಂ ಮಾಡಿದಂತಾಗುತ್ತದೆ. ಸಂಶಯವಿದ್ದರೆ ನಿಂತು ತೆಗೆಸುವ ಎಕ್ಸ್‌ರೇಯಲ್ಲಿ ನಿಖರವಾಗಿ ಗೊತ್ತಾಗುತ್ತದೆ.

ಹಂತ 5: ಬೂಟು ಮೊದಲು, ಪ್ಯಾಡು ಆಮೇಲೆ

ಲಿಫ್ಟು ಪಾದವನ್ನು ಬೂಟಿನೊಳಗೆ ಮೇಲಕ್ಕೆತ್ತುತ್ತದೆ. ಎತ್ತಿದಷ್ಟೂ ಹಿಮ್ಮಡಿ ಬೂಟಿನ ಹಿಂಗೋಡೆಯಿಂದ ಹೊರಗೆ ಜಾರುತ್ತದೆ. ಆದ್ದರಿಂದ ಹಿಂಗೋಡೆ ಎತ್ತರವಾಗಿ, ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಕುಸಿಯದಷ್ಟು ಗಟ್ಟಿಯಾಗಿರಬೇಕು. ಲೇಸು ಅಥವಾ ಅಂಟುಪಟ್ಟಿ ಬೇಕು, ಒಳಹಾಸು ಕೈಯಿಂದ ಎತ್ತಿ ತೆಗೆಯಲು ಬರುವಂತಿರಬೇಕು. ಬೂಟನ್ನು ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಾಗಲಿ, ಕೊಪ್ಪಿಕರ್ ರಸ್ತೆಯ ಶೋರೂಮಾಗಲಿ, ಕೈಯಲ್ಲಿ ಪ್ಯಾಡು ಹಿಡಿದುಕೊಂಡೇ ಹೋಗಿ, ಒಳಗಿಟ್ಟು ನಾಲ್ಕು ಹೆಜ್ಜೆ ನಡೆದೇ ದುಡ್ಡು ಕೊಡಿ.

ಒಂದು ಬದಿ ಸವೆದ ಹಳೆ ಬೂಟಿನಲ್ಲಿ ಹೊಸ ಲಿಫ್ಟು ಹಾಕಬೇಡಿ. ಹಿಮ್ಮಡಿಯ ಅಟ್ಟೆ 4 ಮಿ.ಮೀ. ಸವೆದಿದ್ದರೆ ನಿಮ್ಮ 3 ಮಿ.ಮೀ. ಪದರಕ್ಕೆ ಅರ್ಥವೇ ಇಲ್ಲ.

ಕಾರ್ಖಾನೆಯಲ್ಲಿ, ರೈಲ್ವೆ ವರ್ಕ್‌ಶಾಪಿನಲ್ಲಿ ಮುಂದೆ ಉಕ್ಕಿನ ಟೋಪಿ ಇರುವ ಸೇಫ್ಟಿ ಶೂ ಹಾಕುವವರಿಗೆ ಒಂದು ಎಚ್ಚರಿಕೆ. ಲಿಫ್ಟು ಪಾದವನ್ನು ಮುಂದಕ್ಕೂ ದೂಡುತ್ತದೆ. ಹೆಬ್ಬೆರಳು ಉಕ್ಕಿಗೆ ತಾಗುತ್ತಿದ್ದರೆ ಬೂಟು ಅರ್ಧ ನಂಬರ್ ದೊಡ್ಡದು ಬೇಕು. ಇಲ್ಲದಿದ್ದರೆ ತಿಂಗಳಲ್ಲಿ ಉಗುರು ಕಪ್ಪಾಗುತ್ತದೆ.

ಹಂತ 6: ಮೆತ್ತನೆಯದೋ ಗಟ್ಟಿಯದೋ

ಹಿಮ್ಮಡಿ ತಳದ ನೋವಿಗೆ ಮೆತ್ತನೆಯದು: ಬಟ್ಟಲಿನಂತೆ ಅಂಚು ಎದ್ದಿರುವ ಸಿಲಿಕೋನ್ ಹೀಲ್ ಕಪ್, ಅಥವಾ ಕಮಾನಿಗೆ ಆಧಾರ ಇರುವ ಪೂರ್ತಿ ಉದ್ದದ ಒಳಹಾಸು. ಕಪ್ಪಿನ ಅಂಚು ಹಿಮ್ಮಡಿಯ ಸ್ವಂತ ಕೊಬ್ಬನ್ನು ಪಕ್ಕಕ್ಕೆ ಹರಡಲು ಬಿಡದೆ ಎಲುಬಿನ ಅಡಿಯಲ್ಲೇ ಹಿಡಿದಿಡುತ್ತದೆ. ಬರೀ ದಪ್ಪ ಇದ್ದು ಅಂಚಿಲ್ಲದ ಜೆಲ್ ತುಂಡಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುವುದನ್ನು ಕಂಡಿದ್ದೇನೆ.

ಗಿಡ್ಡ ಕಾಲಿಗೆ ಗಟ್ಟಿಯದು: ಗಟ್ಟಿ ರಬ್ಬರು, ಗಟ್ಟಿ ಇ.ವಿ.ಎ. (ಬೂಟಿನ ಅಟ್ಟೆಗೆ ಬಳಸುವ ಒಂದು ಬಗೆಯ ಫೋಮು) ಅಥವಾ ಕಾರ್ಕ್. ಜೆಲ್ ಇಲ್ಲಿ ಕೆಲಸಕ್ಕೆ ಬಾರದು. ಅಂಗೈಯಲ್ಲಿ 6 ಮಿ.ಮೀ. ಕಂಡದ್ದು 70 ಕಿಲೋ ಭಾರದ ಕೆಳಗೆ ಎಷ್ಟಕ್ಕೆ ಇಳಿಯುತ್ತದೆ ಎಂದು ನಿಮಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿಲ್ಲ. ಪರೀಕ್ಷೆ ಸುಲಭ: ಗಟ್ಟಿ ನೆಲದ ಮೇಲಿಟ್ಟು ಹಿಮ್ಮಡಿಯಿಂದ ಪೂರ್ತಿ ಭಾರ ಹಾಕಿ. ಪಕ್ಕದಲ್ಲಿ ಕೂತವರಿಗೆ ಅದು ಚಪ್ಪಟೆಯಾದದ್ದು ಕಣ್ಣಿಗೆ ಕಂಡರೆ ಬೇಡ.

ಪದರದ ಲಿಫ್ಟನ್ನು ಪಕ್ಕದಿಂದ ನೋಡಿದರೆ ಬೆಣೆಯ ಆಕಾರ. ಹಿಂದೆ ದಪ್ಪ, ಮುಂದೆ ಅಂಗಾಲಿನ ನಡುವಿನತ್ತ ಬರುತ್ತ ತೆಳು. ಸಾಮಾನ್ಯವಾಗಿ ಎರಡು-ಮೂರು ಪದರ ಇರುತ್ತವೆ, ಕೆಲವದರಲ್ಲಿ ಒಂದೊಂದು ಮಿ.ಮೀ.ನ ತೆಳು ಪದರಗಳು. ಮುಂದಿನ ತುದಿ ಮೆಟ್ಟಿಲಿನಂತೆ ಥಟ್ಟನೆ ಮುಗಿಯುವಂಥದ್ದನ್ನು ಬಿಡಿ, ಅದು ಅಂಗಾಲಿಗೆ ಅಡ್ಡಗೋಲು ಇಟ್ಟಂತೆ ಒತ್ತುತ್ತದೆ. ಡಬ್ಬಿಯ ಮೇಲಿನ ಒಟ್ಟು ದಪ್ಪಕ್ಕಿಂತ ಒಂದೊಂದು ಪದರದ ದಪ್ಪ ಎಷ್ಟು ಎನ್ನುವುದೇ ಮುಖ್ಯ. ಬರೆದಿಲ್ಲದಿದ್ದರೆ ಹಿಂದಿನ ಅಂಚನ್ನು ಸ್ಕೇಲಿನಿಂದ ಅಳೆದುಕೊಳ್ಳಿ.

ಮಡಚಿದ ಸಾಕ್ಸು, ರಟ್ಟು, ಹಳೆ ಹವಾಯಿ ಚಪ್ಪಲಿಯ ತುಂಡು ಬೇಡ. ರಟ್ಟು ಬೆವರಿಗೆ ಒಂದೇ ವಾರದಲ್ಲಿ ಕುಸಿಯುತ್ತದೆ, ಸಾಕ್ಸು ಒಳಗೆ ಸುರುಳಿಯಾಗುತ್ತದೆ.

ಹಂತ 7: ಕೂರಿಸುವುದು

ಬೂಟಿನ ಒಳಹಾಸನ್ನು ಹಿಮ್ಮಡಿಯ ಕಡೆಯಿಂದ ಮೆಲ್ಲಗೆ ಎತ್ತಿ. ಲಿಫ್ಟಿನ ದಪ್ಪ ತುದಿ ಹಿಂಗೋಡೆಗೆ ಪೂರ್ತಿ ತಾಗುವಂತೆ, ಬೂಟಿನ ನಡುಗೆರೆಯ ಮೇಲೆ ಇಡಿ. ಬೂಟಿನ ತಳದಲ್ಲಿ ಪೆನ್ನಿನಿಂದ ಅದರ ಸುತ್ತ ಗೆರೆ ಎಳೆಯಿರಿ. ಲಿಫ್ಟು ಅಗಲವಾಗಿ ಅಂಚು ಮೇಲೇಳುತ್ತಿದ್ದರೆ ಆ ಗೆರೆಯ ಪ್ರಕಾರ ಎರಡೂ ಪಕ್ಕ ಸಮವಾಗಿ ಕತ್ತರಿಸಿ. ಒಂದೇ ಪಕ್ಕ ಕತ್ತರಿಸಿದರೆ ಹಿಮ್ಮಡಿ ಆ ಕಡೆ ವಾಲುತ್ತದೆ.

ಈಗ ಪದರ ಬಿಡಿಸಿ. ಕೆಳಗಿನ ಪದರದ ಹಿಂದಿನ ಮೂಲೆಯನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ, ನಿಧಾನವಾಗಿ ಮುಂದಕ್ಕೆ ಸುಲಿಯಿರಿ. ಜಗ್ಗಿ ಎಳೆದರೆ ಮುಂದಿನ ತೆಳು ಭಾಗ ಹರಿಯುತ್ತದೆ. ಬಿಚ್ಚಿದ ಪದರ ಎಸೆಯಬೇಡಿ. ಅಂಟಿನ ಬದಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮೇಲೆ "2ನೇ ಪದರ, 3 ಮಿ.ಮೀ." ಎಂದು ಬರೆದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ. ಎರಡು ವಾರದ ನಂತರ ಇದೇ ಬೇಕಾಗುತ್ತದೆ.

ಎರಡೂ ಬದಿ ಅಂಟುವ ಟೇಪಿನ ಎರಡು ಚಿಕ್ಕ ತುಂಡಿನಿಂದ ಲಿಫ್ಟನ್ನು ಬೂಟಿನ ತಳಕ್ಕೆ ಹಿಡಿಸಿ, ಮೇಲೆ ಒಳಹಾಸು ವಾಪಸ್ ಹಾಕಿ. ಒಳಹಾಸು ಬಿಚ್ಚಲು ಬಾರದ ಬೂಟಾದರೆ ಮೇಲೇ ಅಂಟಿಸಬಹುದು, ಆಗ ಸಾಕ್ಸು ಇಲ್ಲದೆ ಹಾಕಬೇಡಿ. ಗಿಡ್ಡ ಕಾಲಿನವರು ಮರೆಯುವ ಒಂದು ಸಂಗತಿ: ಲಿಫ್ಟಿನ ಜೊತೆಗೆ ಮೆತ್ತನೆಯ ಒಳಹಾಸನ್ನೂ ಸೇರಿಸಿದ್ದರೆ, ಅದೇ ಒಳಹಾಸು ಇನ್ನೊಂದು ಬೂಟಿಗೂ ಬೇಕು. ವ್ಯತ್ಯಾಸವಾಗಿ ಉಳಿಯಬೇಕಾದದ್ದು ಲಿಫ್ಟಿನ ದಪ್ಪ ಮಾತ್ರ.

ಕೂತೇ ಬೂಟು ಹಾಕಿ, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಕೊನೆಯ ರಂಧ್ರದವರೆಗೆ ಲೇಸು ಬಿಗಿಯಿರಿ. ನಡೆಯುವಾಗ ಹಿಮ್ಮಡಿ ಎದ್ದು ಬರುತ್ತಿದ್ದರೆ ಲಿಫ್ಟು ಆ ಬೂಟಿಗೆ ಹೆಚ್ಚಾಯಿತು.

ಹಂತ 8: ಮೊದಲ ಆರು ವಾರ

ಎಷ್ಟೇ ವ್ಯತ್ಯಾಸ ಬಂದಿರಲಿ, ಗಿಡ್ಡ ಕಾಲಿನವರು 3 ಮಿ.ಮೀ.ಯಿಂದಲೇ ಶುರು ಮಾಡಿ. ಮೊದಲ ದಿನ ಒಂದು ತಾಸು, ಮರುದಿನ ಎರಡು, ಹೀಗೆ ದಿನಕ್ಕೊಂದು ತಾಸು ಏರಿಸಿ. ಮೊದಲ ದಿನವೇ ಹಾಕಿಕೊಂಡು ಉಣಕಲ್ ಕೆರೆ ಸುತ್ತಲು ಹೊರಡುವವರಿದ್ದಾರೆ. ಹುಬ್ಬಳ್ಳಿ ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಅದರ ಈ ತುದಿಯಿಂದ ಆ ತುದಿಗೆ ನಡೆದು ರೈಲು ಹಿಡಿಯುವ ದಿನವೂ ಹೊಸ ಲಿಫ್ಟಿನ ಮೊದಲ ದಿನ ಆಗಬಾರದು. ವರ್ಷಗಟ್ಟಲೆ ಒಂದು ರೀತಿ ನಡೆದ ಸೊಂಟ, ಬೆನ್ನಿನ ಸ್ನಾಯುಗಳು ಹೊಸ ಎತ್ತರಕ್ಕೆ ಹೊಂದಿಕೊಳ್ಳಲು ಸಮಯ ಬೇಕು.

ಎರಡು ವಾರ 3 ಮಿ.ಮೀ. ಆರಾಮವಾಗಿ ಸಾಗಿದರೆ ಇನ್ನೊಂದು ಪದರ. ಮತ್ತೆ ಎರಡು ವಾರ. ಅಳತೆಯ ಅರ್ಧದಷ್ಟು ತಲುಪಿದ ಕೂಡಲೇ ನಿಂತು ಯೋಚಿಸಿ: ನೋವು ಕಡಿಮೆಯಾಗಿದೆಯೇ, ನಡಿಗೆ ಸರಿಯಾಗಿದೆಯೇ? ಆಗಿದ್ದರೆ ಅಲ್ಲೇ ನಿಲ್ಲಿಸಿ. 12 ಮಿ.ಮೀ. ವ್ಯತ್ಯಾಸದವರು 6 ಮಿ.ಮೀ.ನಲ್ಲಿ ಆರಾಮ ಕಂಡು ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ಪೂರ್ತಿ 12 ತುಂಬಲೇಬೇಕು ಎಂದು ಹಟ ಹಿಡಿಯುವವರಿಗೇ ಮೊಣಕಾಲು ನೋವು ಶುರುವಾಗುವುದು. ಹುಟ್ಟಿನಿಂದ ವ್ಯತ್ಯಾಸ ಇದ್ದವರ ದೇಹ ಅದಕ್ಕೆ ಒಗ್ಗಿರುತ್ತದೆ, ಅವರಿಗೆ ಕಡಿಮೆ ಸಾಕು. ಈಚೆಗೆ ಎಲುಬು ಮುರಿದು ಕಾಲು ಗಿಡ್ಡವಾದವರಿಗೆ ಹೆಚ್ಚು ಬೇಕಾಗಬಹುದು, ಅದನ್ನು ಡಾಕ್ಟರೊಡನೆ ನಿರ್ಧರಿಸಿ.

ಪ್ರತಿ ರಾತ್ರಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಸಾಕು: ಎಷ್ಟು ಮಿ.ಮೀ., ಎಷ್ಟು ತಾಸು, ಎಲ್ಲಿ ನೋವು. ಮೊದಲ ಎರಡು-ಮೂರು ದಿನ ಮೈಕೈ ಹಿಡಿದಂತಾಗುವುದು ಸಹಜ. ಮೂರು ದಿನ ದಾಟಿದರೂ ಮೊಣಕಾಲು, ಚಪ್ಪೆ ಅಥವಾ ಬೆನ್ನಿನಲ್ಲಿ ಹೊಸ ನೋವು ಉಳಿದರೆ ಒಂದು ಪದರ ಇಳಿಸಿ. ಇಳಿಸಿದರೂ ಹೋಗದಿದ್ದರೆ ತೆಗೆದಿಟ್ಟು ತೋರಿಸಿ. ಬೆರಳು ಜೋಮು ಹಿಡಿದರೆ, ಸಾಕ್ಸು ತೆಗೆದಾಗ ಕಂಡ ಕೆಂಪು ಕಲೆ ಅರ್ಧ ತಾಸಾದರೂ ಮಾಯದಿದ್ದರೆ, ಗುಳ್ಳೆ ಎದ್ದರೆ ಅದೇ ಹೊತ್ತಿಗೆ ನಿಲ್ಲಿಸಿ.

ಬೈಕು ಓಡಿಸುವವರು ಬಲಗಾಲಿಗೆ ಲಿಫ್ಟು ಹಾಕಿದ್ದರೆ ಬ್ರೇಕು ಪೆಡಲಿನ ಅಂದಾಜು ಬದಲಾಗುತ್ತದೆ. ಜನ ಇಲ್ಲದ ರಸ್ತೆಯಲ್ಲಿ ಹತ್ತು ಸಲ ಬ್ರೇಕು ಹಾಕಿ ರೂಢಿ ಮಾಡಿಕೊಂಡೇ ಚೆನ್ನಮ್ಮ ಸರ್ಕಲ್ಲಿನ ಟ್ರಾಫಿಕ್ಕಿಗೆ ಇಳಿಯಿರಿ. ವಯಸ್ಸಾದವರು ಮೊದಲ ವಾರ ಮೆಟ್ಟಿಲು ಇಳಿಯುವಾಗ ಕಟಾಂಜನ ಹಿಡಿದೇ ಇಳಿಯಬೇಕು.

ಹಿಮ್ಮಡಿ ನೋವಿನವರ ಲೆಕ್ಕ ಬೇರೆ. ಎರಡೂ ಬೂಟಿಗೆ ಸಮನಾದ ಪ್ಯಾಡು, ಮೊದಲ ವಾರ ಅದೇ ರೀತಿ ತಾಸು ಏರಿಸುವುದು. ಜೊತೆಗೆ ವ್ಯಾಯಾಮ ಮಾಡದಿದ್ದರೆ ಪ್ಯಾಡೊಂದೇ ಹೆಚ್ಚು ದೂರ ಕೊಂಡೊಯ್ಯದು. ಮುಂಜಾನೆ ಹಾಸಿಗೆಯಿಂದ ಇಳಿಯುವ ಮೊದಲೇ, ನೋವಿರುವ ಕಾಲನ್ನು ಇನ್ನೊಂದು ಮೊಣಕಾಲ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಹಿಂದಕ್ಕೆ ಎಳೆಯಿರಿ. ಅಂಗಾಲಿನಲ್ಲಿ ಬಿಗಿದ ತಂತಿಯಂತೆ ಪಟ್ಟಿ ಎದ್ದದ್ದು ಇನ್ನೊಂದು ಕೈಯ ಹೆಬ್ಬೆರಳಿಗೆ ಸಿಗಬೇಕು. 10 ಎಣಿಸುವವರೆಗೆ ಹಿಡಿದು ಬಿಡಿ, ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಗೋಡೆಗೆ ಕೈಯೂರಿ, ಹಿಮ್ಮಡಿ ನೆಲಬಿಡದಂತೆ ಮೀನಖಂಡ ಎಳೆಯುವುದನ್ನೂ ಸೇರಿಸಿ, 30 ಸೆಕೆಂಡು, 3 ಸಲ. ಹಿಮ್ಮಡಿ ಎತ್ತರಿಸಿದ ಲಿಫ್ಟು ಮೀನಖಂಡವನ್ನು ತುಸು ಗಿಡ್ಡ ಮಾಡುವುದರಿಂದ, ಗಿಡ್ಡ ಕಾಲಿನವರಿಗೂ ಈ ಎರಡನೆಯದು ಕಡ್ಡಾಯ. ನೋವು ಹಿಮ್ಮಡಿಯ ಹಿಂದೆ ಇರುವವರು ಮಾತ್ರ ಈ ಎಳೆತವನ್ನು ಕೇಳಿಯೇ ಮಾಡಬೇಕು, ಅಲ್ಲಿ ಅದು ನೋವು ಹೆಚ್ಚಿಸಬಹುದು.

ಇದು ವಾರದಲ್ಲಿ ಹೋಗುವ ನೋವಲ್ಲ. ಬಹುತೇಕರಿಗೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷದ ಹತ್ತಿರ. ಆರು ವಾರದಲ್ಲಿ ಮುಂಜಾನೆಯ ಮೊದಲ ಹೆಜ್ಜೆಯ ನೋವು ತುಸುವಾದರೂ ಇಳಿದಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಕಿಂಚಿತ್ತೂ ಇಳಿಯದಿದ್ದರೆ ಐದನೇ ಪ್ಯಾಡು ಕೊಳ್ಳುವ ದುಡ್ಡನ್ನು ತಪಾಸಣೆಗೆ ಇಡಿ.

ಎರಡೂ ತೊಂದರೆ ಇದ್ದವರು ಮೊದಲು ಎರಡೂ ಬೂಟಿಗೆ ಮೆತ್ತನೆಯ ಪ್ಯಾಡು ಹಾಕಿ ಮೂರು ವಾರ ನೋಡಿ, ಆಮೇಲೆ ಗಿಡ್ಡ ಕಾಲಿಗೆ ಲಿಫ್ಟು ಸೇರಿಸಿ. ಒಂದೇ ದಿನ ಎರಡನ್ನೂ ಹಾಕಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ಹೇಳಲಾಗದು.

ಹಂತ 9: ಮನೆಯೊಳಗೆ ಮತ್ತು ಚಪ್ಪಲಿಯಲ್ಲಿ

ನಮ್ಮ ಕಡೆ ಅರ್ಧಕ್ಕರ್ಧ ಚಿಕಿತ್ಸೆ ಕೆಡುವುದು ಹೊಸ್ತಿಲಲ್ಲಿ. ಹೊರಗೆ ನಾಲ್ಕು ತಾಸು ಬೂಟು, ಒಳಗೆ ಹತ್ತು ತಾಸು ಬರಿಗಾಲು. ಅಡುಗೆಮನೆಯ ಗ್ರಾನೈಟ್ ನೆಲದ ಮೇಲೆ ನಿಂತು ರೊಟ್ಟಿ ಬಡಿಯುವ ಅಕ್ಕಂದಿರ ಹಿಮ್ಮಡಿಗೆ ಬೂಟಿನೊಳಗಿನ ಪ್ಯಾಡು ಏನು ಮಾಡೀತು? ಮನೆಯೊಳಗೆ ಮಾತ್ರ ಹಾಕುವ, ಹೊರಗಿನ ಧೂಳು ಕಾಣದ ಒಂದು ಜೊತೆ ಬೇಕೇ ಬೇಕು. ಹಿರಿಯರು ಒಪ್ಪದಿದ್ದರೆ ಒಲೆಯ ಮುಂದೆ ದಪ್ಪ ರಬ್ಬರ್ ಮ್ಯಾಟನ್ನಾದರೂ ಹಾಸಿ. ದೇವರ ಕೋಣೆಯಲ್ಲಿ, ಮಠದಲ್ಲಿ ಹತ್ತು ನಿಮಿಷ ಬರಿಗಾಲಲ್ಲಿ ನಿಂತರೆ ಏನೂ ಕೆಡುವುದಿಲ್ಲ.

ಹವಾಯಿ ಚಪ್ಪಲಿ, ಕೊಲ್ಹಾಪುರಿಯಲ್ಲಿ ಲಿಫ್ಟು ಇಡಬೇಡಿ, ಎರಡನೇ ಹೆಜ್ಜೆಗೇ ಜಾರುತ್ತದೆ. ಹಿಮ್ಮಡಿಯ ಹಿಂದೆ ಪಟ್ಟಿ ಇರುವ ಸ್ಯಾಂಡಲ್ ತೆಗೆದುಕೊಂಡು ಚಪ್ಪಲಿ ರಿಪೇರಿಯವರ ಬಳಿ ಹೋಗಿ. ಗಿಡ್ಡ ಕಾಲಿನ ಸ್ಯಾಂಡಲ್ಲಿನ ತಳ ಬಿಚ್ಚಿ, ನಡುವೆ ಗಟ್ಟಿ ರಬ್ಬರ್ ಶೀಟು ಕೂರಿಸಿ, ಅಂಟಿಸಿ, ಸುತ್ತ ಹೊಲಿಗೆ ಹಾಕಿಕೊಡಲು ಹೇಳಿ. ಹಿಂದೆ 6 ಮಿ.ಮೀ., ಮುಂದೆ ಬೆರಳಿನತ್ತ ಇಳಿಯುತ್ತ ತೆಳು ಎಂದು ಸ್ಪಷ್ಟವಾಗಿ ಹೇಳಬೇಕು. ನಾನು ಕಳಿಸುವಾಗ ರಟ್ಟಿನಲ್ಲಿ ಬೆಣೆಯ ಪಕ್ಕನೋಟ ಕತ್ತರಿಸಿ ಕೊಟ್ಟು ಕಳಿಸುತ್ತೇನೆ. ಬಾಯಿಮಾತಿನಲ್ಲಿ ಹೇಳಿದರೆ ಇಡೀ ತಳಕ್ಕೆ ಒಂದೇ ದಪ್ಪ ಹಾಕಿದ ಉದಾಹರಣೆಗಳಿವೆ, ಅದು ಅವರ ತಪ್ಪಲ್ಲ. ಅಂಟು ಒಣಗಲು ಒಂದು ರಾತ್ರಿ ಬಿಡಿ.

ಹಂತ 10: 10 ಮಿ.ಮೀ. ದಾಟಿದರೆ

ಬೂಟಿನೊಳಗೆ ಹಿಡಿಸುವುದು ಹೆಚ್ಚೆಂದರೆ 10ರಿಂದ 12 ಮಿ.ಮೀ. ಅದಕ್ಕೂ ಮೇಲೆ ಬೇಕಾದರೆ ಉಳಿದದ್ದನ್ನು ಹೊರಗಿನ ಅಟ್ಟೆಗೆ ಸೇರಿಸಬೇಕು. ಆಗ ಹಿಮ್ಮಡಿಗೆ ಮಾತ್ರ ಏರಿಸಿದರೆ ಪಾದ ಇಳಿಜಾರಾಗಿ ನಿಲ್ಲುತ್ತದೆ, ಹಾಗಾಗಿ ಮುಂಭಾಗದ ಅಟ್ಟೆಯನ್ನೂ ಸ್ವಲ್ಪ ಕಡಿಮೆ ದಪ್ಪದಲ್ಲಿ ಏರಿಸುತ್ತಾರೆ, ಬೆರಳಿನ ತುದಿಯನ್ನು ದೋಣಿಯಂತೆ ಮೇಲಕ್ಕೆ ತಿರುವುತ್ತಾರೆ. ಇದು ಕೃತಕ ಅಂಗ, ಬೂಟು ತಯಾರಿಸುವ ತಜ್ಞರ ಕೆಲಸ. ಎಲುಬು ತಜ್ಞರ ಚೀಟಿ ಹಿಡಿದುಕೊಂಡೇ ಹೋಗಿ. ಕೆಲವು ಸಲ ಉದ್ದ ಕಾಲಿನ ಬೂಟಿನ ಹಿಮ್ಮಡಿಯನ್ನು ಎರಡು-ಮೂರು ಮಿ.ಮೀ. ತೆಗೆಸಿ, ಗಿಡ್ಡ ಕಾಲಿಗೆ ಅಷ್ಟು ಕಡಿಮೆ ಏರಿಸುವುದೂ ಉಂಟು. ವ್ಯತ್ಯಾಸ 2 ಸೆಂ.ಮೀ. ದಾಟಿದವರು ಮನೆಯಲ್ಲಿ ಯಾವ ಪ್ರಯೋಗವನ್ನೂ ಮಾಡಬಾರದು.

ಮಳೆಗಾಲ, ಸವೆತ

ಜೂನ್ ಬಂದರೆ ಬೂಟು ಒದ್ದೆ, ಕಪ್ಪುಮಣ್ಣಿನ ಕೆಸರು. ಒದ್ದೆ ಬೂಟಿನಲ್ಲಿ ಲಿಫ್ಟು ಬಿಟ್ಟರೆ ಅಂಟು ಬಿಟ್ಟು ಪದರಗಳು ಒಂದರ ಮೇಲೊಂದು ಜಾರುತ್ತವೆ. ಸಂಜೆ ಹೊರತೆಗೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ, ಒಲೆಯ ಹತ್ತಿರ ಇಟ್ಟರೆ ಇ.ವಿ.ಎ. ಸೊಟ್ಟಗಾಗುತ್ತದೆ. ಸಿಲಿಕೋನ್ ಪ್ಯಾಡನ್ನು ಸಾಬೂನು ನೀರಿನಲ್ಲಿ ತೊಳೆಯಬಹುದು.

ಮೂರು ತಿಂಗಳಿಗೊಮ್ಮೆ ಲಿಫ್ಟಿನ ಹಿಂಭಾಗವನ್ನು ಸ್ಕೇಲಿನಿಂದ ಅಳೆಯಿರಿ. ಕೊಂಡಾಗ 6 ಮಿ.ಮೀ. ಇದ್ದದ್ದು 4ಕ್ಕೆ ಇಳಿದಿದ್ದರೆ ಬದಲಿಸುವ ಹೊತ್ತು ಬಂದಿದೆ. ಅದೇ ದಿನ ಬೂಟು ತಿರುಗಿಸಿ ಎರಡರ ಹಿಮ್ಮಡಿಯ ಅಟ್ಟೆಯನ್ನೂ ನೋಡಿ, ಹಾಳೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಹೊಸ ಸಂಖ್ಯೆಯನ್ನು ಹಳೆಯದರ ಪಕ್ಕದಲ್ಲೇ ಬರೆಯಿರಿ. ಹೊಸ ಲಿಫ್ಟು ಹಾಕಿದಾಗ ಸವೆದದ್ದರ ದಪ್ಪದಿಂದ ಪೂರ್ತಿ ದಪ್ಪಕ್ಕೆ ಒಮ್ಮೆಗೇ ಏರಿದಂತಾಗುತ್ತದೆ. ಆದ್ದರಿಂದ ಹೊಸದನ್ನೂ ಮೊದಲ ನಾಲ್ಕೈದು ದಿನ ತಾಸಿನ ಲೆಕ್ಕದಲ್ಲೇ ಹಾಕಿ.